ಹಳೆ ಹಾಡು ಹಾಕಿ, ಬರೆದವರ ಹೆಸರೂ ಹೇಳಿ

ಮಾನ್ಯ ಸಂಪಾದಕರೇ,

ನಾನು ತಿಪಟೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದವನು. ಮದುವೆ, ನಾಮಕರಣ, ಗಣಪತಿ, ಜಾತ್ರೆ, ಚುನಾವಣೆ ಎಲ್ಲಕ್ಕೂ ಹಾರ್ನ್ ಕಟ್ಟಿದ್ದೇನೆ. ಈಗ ಅಂಗಡಿ ಮಾರಿ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಣಕಾಲು ನೋವು, ಹೊರಗೆ ಓಡಾಟ ಕಡಿಮೆ. ಹಾಗಾಗಿ ರೇಡಿಯೊ ಜಾಸ್ತಿ ಕೇಳುತ್ತೇನೆ. ಅದರ ಬಗ್ಗೆ ಒಂದು ದೂರು ಇದೆ.

ನಾನು ಕೇಳುವ ಒಂದು ಎಫ್‌ಎಂ ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಹಳೆ ಕನ್ನಡ ಚಿತ್ರಗೀತೆಗಳ ಕಾರ್ಯಕ್ರಮ ಬರುತ್ತಿತ್ತು. ಕೇಂದ್ರದ ಹೆಸರು ಬೇಡ, ಈ ಕಾಯಿಲೆ ಅವರೊಬ್ಬರದೇ ಅಲ್ಲ. ಒಂದು ಊರಿನಲ್ಲಿ ರೆಕಾರ್ಡ್ ಮಾಡಿ, ತಮ್ಮದೇ ಬೇರೆ ಊರುಗಳ ಕೇಂದ್ರಗಳಿಗೂ ಅದನ್ನೇ ಕಳಿಸುತ್ತಿದ್ದರು. ನಡೆಸಿಕೊಡುತ್ತಿದ್ದವರಿಗೆ ವಿಷಯ ಗೊತ್ತಿತ್ತು. ಮೊದಲು ಅದನ್ನು ರಾತ್ರಿಗೆ ತಳ್ಳಿದರು. ಆಮೇಲೆ ಮಾತು ತೆಗೆದು ಹಾಡು ಮಾತ್ರ ಉಳಿಸಿದರು. ಈಗ ಅದೂ ಇಲ್ಲ. ಫೋನ್ ಮಾಡಿ ಕೇಳಿದರೆ ಒಬ್ಬ ಹುಡುಗಿ ತುಂಬಾ ಮರ್ಯಾದೆಯಿಂದಲೇ ಹೇಳಿದಳು: "ಅಂಕಲ್, ಆ ಹಾಡೆಲ್ಲ ಯೂಟ್ಯೂಬ್‌ನಲ್ಲಿ ಸಿಗುತ್ತಲ್ವಾ?"

ಸಿಗುತ್ತೆ. ನನ್ನ ಮೊಮ್ಮಗನೇ ಹಾಕಿ ಕೊಡುತ್ತಾನೆ. ಕೇಳಿದ ಹಾಡು ಬರುತ್ತದೆ, ಅದರ ಬೆನ್ನಿಗೆ ಇನ್ನೊಂದು ಬರುತ್ತದೆ. ಆದರೆ ಹಾಡಿನ ಹೆಸರಿನ ಜಾಗದಲ್ಲಿ ಏನಿರುತ್ತದೆ ನೋಡಿ. 'ರಾಜ್‌ಕುಮಾರ್ ಹಿಟ್ಸ್', 'ವಿಷ್ಣು ಹಿಟ್ಸ್', 'ಕಲ್ಪನಾ ಹಿಟ್ಸ್'. ಎಲ್ಲ ಹಾಡೂ ನಟರ ಖಾತೆಗೇ ಜಮಾ. 1974ರ 'ಸಂಪತ್ತಿಗೆ ಸವಾಲ್' ಬರುವವರೆಗೆ ರಾಜ್‌ಕುಮಾರ್ ಪಾತ್ರಗಳಿಗೆ ಬಹುಪಾಲು ಹಾಡಿದವರು ಪಿ.ಬಿ. ಶ್ರೀನಿವಾಸ್. ಇದನ್ನು ರಾಜ್‌ಕುಮಾರ್ ಅವರೇ ಎಂದೂ ಮುಚ್ಚಿಟ್ಟವರಲ್ಲ. ಮುಚ್ಚಿಡುತ್ತಿರುವವರು ನಾವು.

ಮೊನ್ನೆ ಇಲ್ಲೇ ಒಂದು ಛತ್ರದಲ್ಲಿ ಮದುವೆ. ಆರ್ಕೆಸ್ಟ್ರಾ ಹುಡುಗ 'ಬಾರೇ ಬಾರೇ ಚೆಂದದ ಚೆಲುವಿನ ತಾರೆ' ಹಾಡಿದ. ಚೆನ್ನಾಗೇ ಹಾಡಿದ. ಹಾಡುವ ಮುಂಚೆ "ಈಗ ಸಾಹಸಸಿಂಹ ವಿಷ್ಣುವರ್ಧನ್ ಅವರ ಹಾಡು" ಅಂದ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತಾಗ ಕೇಳಿದೆ, ಬರೆದವರು ಯಾರಪ್ಪ? ಗೊತ್ತಿಲ್ಲ. ಸಂಗೀತ? ಗೊತ್ತಿಲ್ಲ. ಹಾಡಿದವರು? ಸ್ವಲ್ಪ ಯೋಚಿಸಿ "ಎಸ್‌ಪಿಬಿ ಅಲ್ವಾ ಸರ್" ಅಂದ. ಬರೆದವರು ವಿಜಯನಾರಸಿಂಹ, ಸಂಗೀತ ವಿಜಯಭಾಸ್ಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್, ಚಿತ್ರ 1972ರ 'ನಾಗರಹಾವು'. ಹುಡುಗನ ತಪ್ಪಲ್ಲ ಬಿಡಿ. ಅದೇ ಹಾಡು ಹಾಡಿ ಹೊಟ್ಟೆ ಹೊರೆಯುವವನಿಗೇ ಯಾರೂ ಹೇಳಿಲ್ಲ ಅಂದಮೇಲೆ ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ನಮಗೆ ಹೇಗೆ ಗೊತ್ತಾಯಿತು? ನಾನು ಓದಿದ್ದು ಎಂಟನೇ ಕ್ಲಾಸು. ನನಗೆ ಈ ಹೆಸರುಗಳನ್ನು ಕಲಿಸಿದ್ದು ಎರಡೇ. ಒಂದು, ಗ್ರಾಮಾಫೋನ್ ಪ್ಲೇಟಿನ ನಡುವಿನ ದುಂಡು ಚೀಟಿ. ಇನ್ನೊಂದು ರೇಡಿಯೊ. ಹಾಡು ಮುಗಿದ ಕೂಡಲೇ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ನಾಲ್ಕೂ ಹೇಳುತ್ತಿದ್ದರು. ದಿನಾ ಕೇಳಿ ಕೇಳಿ ಬಾಯಿಪಾಠ. ಬರೆದವರು ಅಂದರೆ ಕು.ರಾ. ಸೀತಾರಾಮ ಶಾಸ್ತ್ರಿ, ಕಣಗಾಲ್ ಪ್ರಭಾಕರ ಶಾಸ್ತ್ರಿ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್, ಗೀತಪ್ರಿಯ. ಸಂಗೀತ ಅಂದರೆ ಟಿ.ಜಿ. ಲಿಂಗಪ್ಪ, ಜಿ.ಕೆ. ವೆಂಕಟೇಶ್, ಎಂ. ರಂಗರಾವ್, ರಾಜನ್-ನಾಗೇಂದ್ರ. ಇವರಲ್ಲಿ ಹೆಚ್ಚಿನವರ ಮುಖವನ್ನೇ ನಾನು ನೋಡಿರಲಿಲ್ಲ. ಆದರೆ ಹಾಡಿನ ಮೊದಲ ವಾದ್ಯ ಶುರುವಾದರೆ ಇದು ಇಂಥವರದು ಅಂತ ಅಂಗಡಿಯಲ್ಲಿ ಕೂತು ಪಂದ್ಯ ಕಟ್ಟುತ್ತಿದ್ದೆವು. ಪಂದ್ಯ ಒಂದು ಟೀಗೆ, ಜಾಸ್ತಿ ಅಲ್ಲ.

ಈ ಹೆಸರಿನ ಜಗಳ ಹೊಸದಲ್ಲ. 1949ರಲ್ಲಿ 'ಮಹಲ್' ಹಿಂದಿ ಚಿತ್ರ ಬಂದಾಗ 'ಆಯೇಗಾ ಆನೇವಾಲಾ' ಹಾಡಿನ ಪ್ಲೇಟಿನ ಮೇಲೆ ಗಾಯಕಿಯ ಹೆಸರು 'ಕಾಮಿನಿ' ಎಂದಿತ್ತು. ಅದು ಚಿತ್ರದ ಪಾತ್ರದ ಹೆಸರು. ಹಾಡಿದವರು ಯಾರು ಅಂತ ಕೇಳುಗರು ರೇಡಿಯೊಗೆ ಕಾಗದ ಬರೆದು ಬರೆದು ಕೇಳಿದ ಮೇಲೆಯೇ ಲತಾ ಮಂಗೇಶ್ಕರ್ ಎಂಬ ಹೆಸರು ಗಾಳಿಯಲ್ಲಿ ಬಂದದ್ದು. ಅದಾದ ಮೇಲೆ ಬಿ.ವಿ. ಕೇಸ್ಕರ್ ಪ್ರಸಾರ ಮಂತ್ರಿಯಾದರು. ಚಿತ್ರಗೀತೆ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಚಿತ್ರದ ಹೆಸರು ಹೇಳಿದರೆ ಜಾಹೀರಾತಾಗುತ್ತದೆ ಅಂತ ಆಕಾಶವಾಣಿ ಅದನ್ನು ಹೇಳುವುದನ್ನೇ ಬಿಟ್ಟಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪರವಾನಗಿ ವಾಪಸ್ ಪಡೆದರು. ಲಾಭ ಆದದ್ದು ಶ್ರೀಲಂಕಾದ ರೇಡಿಯೊ ಸಿಲೋನ್‌ಗೆ.

ಸಿಲೋನ್ ಅಂದರೆ ಉದ್ಘೋಷಕ ಅಮೀನ್ ಸಯಾನಿ. 1952ರ ಡಿಸೆಂಬರ್‌ನಲ್ಲಿ ಶುರುವಾದ, ಅವರು ನಡೆಸಿಕೊಡುತ್ತಿದ್ದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ 'ಬಿನಾಕಾ ಗೀತ್‌ಮಾಲಾ' ಬುಧವಾರ ರಾತ್ರಿ ಎಂಟಕ್ಕೆ. ಬೊಂಬಾಯಿಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಟೇಪು ವಿಮಾನ ಹತ್ತಿ ಕೊಲಂಬೊಗೆ ಹೋಗುತ್ತಿತ್ತು. ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ, 25 ಮೀಟರ್, 41 ಮೀಟರ್ ಹಿಡಿದು, ತಿಪಟೂರಿಗೂ ಬರುತ್ತಿತ್ತು. ನನಗೆ ಹಿಂದಿ ಅರ್ಧಂಬರ್ಧ. ಆದರೂ 'ಬೆಹನೋ ಔರ್ ಭಾಯಿಯೋ' ಅಂದರೆ ಸಾಕು, ಕೊಬ್ಬರಿ ಮಂಡಿಯ ಹಮಾಲರೂ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಹೊತ್ತು ಅದೇ ಸಿಲೋನ್‌ನಲ್ಲಿ ಹಳೆ ಚಿತ್ರಗಳ ಹಾಡು. ಎಂಟಕ್ಕೆ ಮುಂಚಿನ ಕೊನೆಯ ಹಾಡು ತಪ್ಪದೆ ಕೆ.ಎಲ್. ಸೈಗಲ್ ಅವರದು. ಕೈಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆವು. ಸಿಲೋನ್‌ಗೆ ಉತ್ತರವಾಗಿ 1957ರ ಅಕ್ಟೋಬರ್ 3ರಂದು ಆಕಾಶವಾಣಿಯ ವಿವಿಧ ಭಾರತಿ ಹುಟ್ಟಿತು. ಗೀತ್‌ಮಾಲಾ ಕೂಡ 1989ರಲ್ಲಿ ವಿವಿಧ ಭಾರತಿಗೇ ಬಂತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಪೇಪರಿನವರು ಅವರ ದನಿಯ ಬಗ್ಗೆ ತುಂಬಾ ಬರೆದಿರಿ. ದನಿ ಸರಿ. ಆದರೆ ಆ ದನಿಯ ಹಿಂದೆ ಲೆಕ್ಕ ಇತ್ತು, ಓದು ಇತ್ತು, ರಾಶಿ ರಾಶಿ ಕಾಗದ ಓದುವ ತಾಳ್ಮೆ ಇತ್ತು.

ಒಂದು ಕಡೆ ತಯಾರಿಸಿ ಎಲ್ಲ ಕಡೆ ಹಂಚುವುದು ತಪ್ಪು ಅಂತ ಕೆಲವರು ಹೇಳುತ್ತಾರೆ. ಸ್ಥಳೀಯ ಕೇಂದ್ರಗಳ ಕೆಲಸ ಹೋಗುತ್ತದೆ, ಊರಿನ ಭಾಷೆ ಹೋಗುತ್ತದೆ ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಧಾರವಾಡದ ಮಾತು ಧಾರವಾಡದಿಂದ ಬರಬೇಕು, ಮಂಗಳೂರಿನದು ಮಂಗಳೂರಿನಿಂದ. ಅದರಲ್ಲೂ ಈ ಮೈಸೂರು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ ಊರು. ಇಲ್ಲಿ ಕೂತು ಸ್ಥಳೀಯ ರೇಡಿಯೊ ಬೇಡ ಅಂದರೆ ಬೈಸಿಕೊಳ್ಳಬೇಕಾಗುತ್ತದೆ. ಆದರೆ ಹಳೆ ಹಾಡಿನ ಕಾರ್ಯಕ್ರಮದ ಕತೆ ಬೇರೆ. ಅದಕ್ಕೆ ಪ್ಲೇಟು ಬೇಕು, ವಿಷಯ ಗೊತ್ತಿರುವ ಒಬ್ಬರು ಬೇಕು, ಹುಡುಕಿ ಬರೆದುಕೊಳ್ಳಲು ಟೈಮು ಬೇಕು. ಪ್ರತಿ ಊರಿನಲ್ಲೂ ಅಂಥವರು ಸಿಗುವುದಿಲ್ಲ. ಒಬ್ಬರು ಸಿಕ್ಕರೆ ಅವರ ಕೆಲಸ ಹತ್ತು ಊರಿಗೆ ಹೋಗಲಿ, ಖರ್ಚೂ ಹಂಚಿಹೋಗುತ್ತದೆ. ಗೀತ್‌ಮಾಲಾ ನಡೆದದ್ದೇ ಹೀಗೆ.

ಹಾಗಂತ ಈಗ ಹಂಚುವುದು ನಿಂತಿಲ್ಲ. ಒಂದು ಊರಿನ ಕಾರ್ಯಕ್ರಮ ನಾಲ್ಕು ಊರಿನಲ್ಲಿ ಈಗಲೂ ಕೇಳಿಸುತ್ತದೆ. ಹಂಚುತ್ತಿರುವುದು ಏನು ಅನ್ನುವುದೇ ಪ್ರಶ್ನೆ. ಯಾರಿಗೋ ಫೋನ್ ಮಾಡಿ ಬಕ್ರಾ ಮಾಡುವುದು, ಆಮೇಲೆ ಹೋ ಅಂತ ನಗುವುದು. ಮಧ್ಯೆ ಒಂದು ಹಳೆ ಹಾಡು ಬಂದರೂ ಎರಡನೇ ಚರಣಕ್ಕೆ ಕತ್ತರಿ. ರಾಜನ್-ನಾಗೇಂದ್ರ ಚರಣಗಳ ನಡುವೆ ಕೂರಿಸಿದ ಪಿಟೀಲಿನ ಮೇಲೆ ಮಾತು. ಮೈಕ್‌ಸೆಟ್‌ನವನಾದ ನನಗೆ ಇದು ತಡೆಯಲಾಗದು. ನಾವು ಮದುವೆ ಮನೆಯ ಗಲಾಟೆಯಲ್ಲೂ, ಬೀಗರು ಬೈದರೂ, ಮುಳ್ಳು ಪೂರ್ತಿ ಓಡಿದ ಮೇಲೆಯೇ ಪ್ಲೇಟು ತೆಗೆಯುತ್ತಿದ್ದೆವು.

ಆಕಾಶವಾಣಿ, ವಿವಿಧ ಭಾರತಿ ಈಗಲೂ ಹೆಸರು ಹೇಳುತ್ತವೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ದೇಶದ ಹಲವು ಕಡೆ ಮೀಡಿಯಂವೇವ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಮುಚ್ಚುತ್ತಿವೆ. ಆ್ಯಪ್‌ನಲ್ಲಿ ಕೇಳಿ ಅನ್ನುತ್ತಾರೆ. ತೋಟಕ್ಕೆ ನೀರು ಬಿಡುತ್ತಾ ಸೆಲ್ ಹಾಕಿದ ರೇಡಿಯೊವನ್ನು ತೆಂಗಿನ ಮರಕ್ಕೆ ನೇತುಹಾಕುವವನು ಆ್ಯಪ್ ಹೇಗೆ ಕೇಳುತ್ತಾನೆ? ಕೈ ತುಂಬಾ ಮಣ್ಣು, ಅಲ್ಲಿ ಸಿಗ್ನಲ್ಲೂ ಇಲ್ಲ.

ಇನ್ನೊಂದು ವಿಷಯ ನನಗೆ ಇತ್ತೀಚೆಗೆ ತಿಳಿಯಿತು. ನಮ್ಮ ರಸ್ತೆಯ ವಕೀಲರೊಬ್ಬರು ಪುಸ್ತಕ ತೆಗೆದು ತೋರಿಸಿದರು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿ 31ಡಿ ಅಂತ ಒಂದು ಸೆಕ್ಷನ್ ಸೇರಿಸಿದ್ದಾರೆ. ರೇಡಿಯೊದವರು ಹಾಡಿನ ಮಾಲೀಕರ ಒಪ್ಪಿಗೆಗೆ ಕಾಯದೆ, ಮುಂಚಿತವಾಗಿ ನೋಟಿಸು ಕೊಟ್ಟು, ನಿಗದಿಯಾದ ರಾಯಲ್ಟಿ ಕಟ್ಟಿ ಹಾಡು ಹಾಕಬಹುದು. ಆದರೆ ಅದರಲ್ಲೇ ಒಂದು ಷರತ್ತು ಇದೆ. ಹಾಗೆ ಹಾಕುವಾಗ ಬರೆದವರು ಮತ್ತು ಸಂಗೀತ ಕೊಟ್ಟವರ ಹೆಸರು, ಮುಖ್ಯ ಕಲಾವಿದರ ಹೆಸರು ಪ್ರಸಾರದ ಜೊತೆಗೆ ಹೇಳಬೇಕು. ಯಾವ ಕೇಂದ್ರ ಯಾವ ಒಪ್ಪಂದದಲ್ಲಿ ಹಾಡು ಹಾಕುತ್ತದೋ ಅದು ಅವರ ವ್ಯವಹಾರ. ನಾನು ಕೋರ್ಟಿಗೆ ಹೋಗುವವನಲ್ಲ. ಹೆಸರು ಹೇಳುವುದು ಬರೀ ಹಳೆ ಕಾಲದವರ ಹಟ ಅಲ್ಲ, ಪಾರ್ಲಿಮೆಂಟಿನವರಿಗೂ ಅದು ಬೇಕು ಅನ್ನಿಸಿದೆ ಅನ್ನುವುದನ್ನು ಆ ಹುಡುಗಿಯ ಮೇಲಿನವರಿಗೆ ತಿಳಿಸಬೇಕಿತ್ತು, ಅಷ್ಟೇ. ನಾಲ್ಕು ಹೆಸರು ಹೇಳಲು ಹತ್ತು ಸೆಕೆಂಡು ಸಾಕು. ಒಂದು ಬಟ್ಟೆ ಅಂಗಡಿಯ ಜಾಹೀರಾತಿಗೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಖಾಸಗಿಯವರಾಗಲಿ ಸರ್ಕಾರದವರಾಗಲಿ, ವಾರಕ್ಕೆ ಒಂದು ಗಂಟೆ ಹಳೆ ಕನ್ನಡ ಹಾಡಿಗೆ ಕೊಡಲಿ. ಅಡುಗೆಯವರು, ಟೈಲರ್‌ಗಳು, ತೋಟದವರು ಎಚ್ಚರವಿರುವ ಹೊತ್ತಿನಲ್ಲಿ ಕೊಡಲಿ. ಒಂದು ಕಡೆ ತಯಾರಾಗಲಿ, ಬೀದರಿನಿಂದ ಚಾಮರಾಜನಗರದವರೆಗೆ ಒಟ್ಟಿಗೆ ಕೇಳಿಸಲಿ. ಹಾಡು ಪೂರ್ತಿ ಬರಲಿ, ಹೆಸರೂ ಬರಲಿ. ನಡೆಸಿಕೊಡುವವರು ಹಾಡನ್ನು ಮೊದಲೇ ಕೇಳಿಕೊಂಡು ಬಂದಿರಲಿ. ಇದನ್ನೂ ಬಾಯಿಬಿಟ್ಟು ಕೇಳಬೇಕಾಗಿದೆ ನೋಡಿ.

ಅಂಗಡಿ ಮಾರುವಾಗ ಪ್ಲೇಟುಗಳೂ ಹೋದವು. ಆದರೆ ಪ್ಲೇಟಿನ ಚೀಟಿಯಲ್ಲಿದ್ದುದನ್ನೆಲ್ಲ ನಾನು ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಬರೆದಿಟ್ಟಿದ್ದೇನೆ. ಯಾರಾದರೂ ಹಾಡು ಕೇಳಿದರೆ ಬೇಗ ಹುಡುಕಲು ಆಗಲಿ ಅಂತ ಮಾಡಿಕೊಂಡದ್ದು. ಚಿತ್ರ, ಹಾಡಿದವರು, ಸಂಗೀತ ಎಲ್ಲ ಇದೆ. ಚೀಟಿಯಲ್ಲಿ ಬರೆದವರ ಹೆಸರಿಲ್ಲದ ಕಡೆ ರೇಡಿಯೊ ಕೇಳಿ ಪೆನ್ಸಿಲ್‌ನಲ್ಲಿ ಸೇರಿಸಿದ್ದೇನೆ. ಯಾವುದಾದರೂ ಕೇಂದ್ರದವರು ಇಂಥ ಕಾರ್ಯಕ್ರಮ ಮಾಡುವುದಾದರೆ ಬಂದು ಜೆರಾಕ್ಸ್ ಮಾಡಿಸಿಕೊಳ್ಳಲಿ, ದುಡ್ಡು ಬೇಡ. ಪುಸ್ತಕ ಮಾತ್ರ ಮನೆಯಿಂದ ಆಚೆ ಕೊಡುವುದಿಲ್ಲ. ಜೆರಾಕ್ಸ್ ಅಂಗಡಿ ನಮ್ಮ ರಸ್ತೆಯ ಕೊನೆಯಲ್ಲೇ ಇದೆ, ಜೊತೆಗೆ ನಾನೇ ಬರುತ್ತೇನೆ. ವಿಳಾಸ ನಿಮ್ಮ ಕಚೇರಿಗೆ ಕಳಿಸಿದ್ದೇನೆ.

ಇತಿ ನಮಸ್ಕಾರಗಳು,
ತಿಪಟೂರಿನ ಹಳೆ ಮೈಕ್‌ಸೆಟ್‌ನವನು,
ಮೈಸೂರು