ಕೆಂಪು ಗುರುತುಗಳ ಬಗ್ಗೆ ಸುಮಾಳಿಗೆ

ಚಾಮರಾಜಪೇಟೆ, ಬೆಂಗಳೂರು

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಓದಿದಾಗಿನಿಂದ ಮನಸ್ಸು ಅಲ್ಲಿಯೇ ಇದೆ. ಸಂಪಾದಕರು ಕಾದಂಬರಿಯ ತುಂಬ ಕೆಂಪು ಗುರುತು ಹಾಕಿ ಕಳಿಸಿದ್ದಾರೆ, ಪುಸ್ತಕ ಯಾವಾಗ ಎಂದರೆ ಪ್ರಕಾಶಕರು ‘ನೋಡೋಣ’ ಎನ್ನುತ್ತಾರೆ ಎಂದು ಬರೆದಿದ್ದೀಯೆ. ಇವು ಬೇರೆ ಬೇರೆ ನೋವುಗಳು ತಾಯಿ. ಕಾಯುವ ಸಂಕಟವನ್ನು ತಿದ್ದಿದವರ ಮೇಲೆ ತೀರಿಸಬೇಡ.

ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು ನಾನು. ಒಮ್ಮೆ ಮಲೆನಾಡಿನ ಲೇಖಕರೊಬ್ಬರ ಕತೆಯಲ್ಲಿ ‘ಒರಲೆ’ ಎಂದಿತ್ತು. ಓದುಗರಿಗೆ ತಿಳಿಯಲಾರದೆಂದು ‘ಗೆದ್ದಲು’ ಎಂದು ತಿದ್ದಿದೆ. ಕರಡು ಅವರ ಕೈಗೂ ಹೋಗಿತ್ತು, ಸುಮ್ಮನೆ ಸಹಿ ಹಾಕಿ ಕಳಿಸಿದ್ದರು. ಪುಸ್ತಕ ಬಂದ ದಿನ ಆ ಪುಟ ತೆರೆದು, “ಅದು ನನ್ನ ತಾಯಿ ಆಡುತ್ತಿದ್ದ ಮಾತು” ಎಂದರು. ಅಷ್ಟರಲ್ಲಿ ಸಾವಿರ ಪ್ರತಿ ಹೊಲಿಗೆ ಮುಗಿದು ರಟ್ಟು ಕಟ್ಟಿಯಾಗಿತ್ತು. ತಪ್ಪು ನನ್ನದೇ. ಆದರೆ ಅವರು ಒಂದು ಸಾಲು ಬರೆದಿದ್ದರೆ ನಾನು ಖಂಡಿತ ಉಳಿಸುತ್ತಿದ್ದೆ.

ಅದಕ್ಕೇ ಹೇಳುತ್ತೇನೆ, ಪ್ರತಿ ಗುರುತಿಗೂ ಉತ್ತರ ಬರೆ. ನಿನ್ನ ಕತೆಯ ಅಜ್ಜಿಯ ಮಾಗಡಿ ಕಡೆಯ ಮಾತನ್ನು ಗ್ರಂಥಸ್ಥ ಕನ್ನಡ ಮಾಡಿದ್ದಾರಲ್ಲ, ಅಲ್ಲಿ ‘ಇರಲಿ’ ಎಂದು ಬರೆದು ಕಾರಣ ಕೊಡು. ಆದರೆ ಕಡಲೆಕಾಯಿ ಪರಿಷೆಯ ಹನ್ನೊಂದು ಪುಟ ಎಳೆದಂತಿದೆ ಎಂದಿರುವುದನ್ನು ನಂಬು. ನನಗೂ ಅಲ್ಲಿ ಕತೆಯ ಎಳೆ ತಪ್ಪಿತು. ಅವರು ಸೂಚಿಸಿದ ನಾಲ್ಕು ಸಾಲನ್ನು ಹಾಗೆಯೇ ಅಂಟಿಸದೆ, ಬಸವನಗುಡಿಯ ಆ ಜನಜಂಗುಳಿಯಲ್ಲಿ ಹುಡುಗಿ ಏನನ್ನು ಕಳೆದುಕೊಂಡಳೋ ಅದೊಂದನ್ನೇ ಹಿಡಿದು ನೀನೇ ಮತ್ತೆ ಬರೆ.

ಇನ್ನು ‘ನೋಡೋಣ’ ಎಂಬ ಮಾತು. ಅದು ನಿನ್ನ ಬರಹಕ್ಕೆ ಕೊಟ್ಟ ತೀರ್ಪೆಂದು ತಿಳಿಯಬೇಡ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡ ಪ್ರಕಾಶಕರು ಬಹಳ. ಆ ಹಣ ತಡವಾದರೆ ಮುಂದಿನ ಪುಸ್ತಕದ ಕಾಗದಕ್ಕೇ ಕಾಸಿರುವುದಿಲ್ಲ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಹಸ್ತಪ್ರತಿಯನ್ನು ಬೇರೆಯವರಿಗೆ ತೋರಿಸುತ್ತೇನೆ ಎಂದು ವಿನಯದಿಂದಲೇ ಪತ್ರ ಬರೆ. ಒಪ್ಪಂದ ಬಂದರೆ ಸಂಕೋಚಪಟ್ಟುಕೊಂಡು ಕಣ್ಣುಮುಚ್ಚಿ ಸಹಿ ಹಾಕಬೇಡ. ಗೌರವಧನ ಎಷ್ಟು, ಪ್ರತಿಗಳೆಷ್ಟು, ಇ-ಪುಸ್ತಕ ಮತ್ತು ಆಡಿಯೊ ಹಕ್ಕು ಯಾರದು ಎಂದು ಕೇಳು. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷಕ್ಕೆಂದು ಎಣಿಸುತ್ತದೆ. ‘ಶಾಶ್ವತವಾಗಿ’ ಎಂಬ ಪದವಿದ್ದರೆ ಆ ರಕ್ಷೆಯೂ ಇಲ್ಲ. ಆ ಪದ ಕಂಡರೆ ಹೊಡೆದುಹಾಕಿಸು.

ಮೂರನೆಯ ಅಧ್ಯಾಯದಲ್ಲಿ ಅಜ್ಜಿ ರಾಗಿ ಬೀಸುತ್ತಾ ಆಡುವ ಮಾತುಗಳ ಕೆಳಗೆ ಪೆನ್ಸಿಲಿನಿಂದ ಚುಕ್ಕಿ ಇಟ್ಟಿದ್ದೇನೆ. ಅವುಗಳಲ್ಲಿ ಒಂದನ್ನೂ ಬಿಟ್ಟುಕೊಡಬೇಡ. ಭಾನುವಾರ ಬೆಳಿಗ್ಗೆಯೇ ಬಾ, ಉಳಿದ ಗುರುತುಗಳನ್ನು ಇಬ್ಬರೂ ಕೂತು ನೋಡೋಣ.

ನಿನ್ನ ಪ್ರೀತಿಯ
ಅತ್ತೆ