540 ಕಿ.ಮೀ. ಪೂರ್ತಿ ರೈಲು ದಾರಿಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಹಳೇ ರೈಲು ದಾರಿಗಳಲ್ಲಿ ಸೈಕಲ್ ಪ್ರವಾಸ ಮಾಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಒಂದು ತಪ್ಪಿದೆ. ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ವರೆಗಿನ ಸುಮಾರು 540 ಕಿ.ಮೀ. ಪೂರ್ತಿ ರೈಲು ದಾರಿ ಎಂದು ಬರೆದಿದ್ದೀರಿ. ಹಳಿ ಕಿತ್ತು ಮಾಡಿದ ದಾರಿ ಇರುವುದು ನಡುವೆ ಸಿಗುವ ಕಂಬರ್ಲೆಂಡ್ ಊರಿನವರೆಗೆ, 240 ಕಿ.ಮೀ. ಮಾತ್ರ. ಅದು ಗ್ರೇಟ್ ಆಲೆಗೇನಿ ಪ್ಯಾಸೇಜ್. ಆಮೇಲಿನ ಸುಮಾರು 300 ಕಿ.ಮೀ. ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದಂಡೆ. ಹಿಂದೆ ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಿದ್ದ ಹಾದಿ ಅದು.

ಎರಡಕ್ಕೂ ಏನು ವ್ಯತ್ಯಾಸ ಎಂದು ನನಗೆ ತಿಳಿದದ್ದು ಮಳೆಯಲ್ಲಿ. ನಾನು ಹೋದಾಗ ಎರಡು ದಿನ ಬಿಡದೆ ಸುರಿಯಿತು. ರೈಲು ದಾರಿಗೆ ಸುಣ್ಣಕಲ್ಲಿನ ಪುಡಿ ಹಾಕಿ ಗಟ್ಟಿ ಮಾಡಿದ್ದಾರೆ, ನೀರು ನಿಲ್ಲುವುದಿಲ್ಲ. ಕಂಬರ್ಲೆಂಡ್ ದಾಟಿದ್ದೇ ತಡ, ಬರೀ ಜೇಡಿಮಣ್ಣು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿಕೊಂಡು ಹಿಂದಿನ ಚಕ್ರ ತಿರುಗದೇ ಹೋಯಿತು. ಕಡ್ಡಿಯಿಂದ ಕೆರೆಯುವುದು, ಮೂವತ್ತು ಮಾರು ಹೋಗುವುದು, ಮತ್ತೆ ಇಳಿದು ಕೆರೆಯುವುದು. ಅವತ್ತು 20 ಕಿ.ಮೀ. ಹೋಗುವಷ್ಟರಲ್ಲಿ ಸಾಕುಸಾಕಾಯಿತು. ಈಗ ಕೆಲವು ಕಡೆ ಕಲ್ಲಿನ ಪುಡಿ ಹಾಕಿ ಸರಿಮಾಡಿದ್ದಾರೆ.

ಏರಿನ ಲೆಕ್ಕವನ್ನೂ ಲೇಖನ ಹೇಳಿಲ್ಲ. ರೈಲು ಇಂಜಿನ್ ಕಡಿದಾದ ಏರು ಹತ್ತಲಾರದು, ಹಾಗಾಗಿ ಇಂಥ ದಾರಿಗಳು ಮಂಡಿಗೆ ಹಿತ. ಪಿಟ್ಸ್‌ಬರ್ಗ್‌ನಿಂದ ಹೊರಟರೆ ಸುಮಾರು 200 ಕಿ.ಮೀ. ನಿಧಾನವಾಗಿ ಏರುತ್ತೀರಿ, ಗೊತ್ತೇ ಆಗುವುದಿಲ್ಲ. ಏರಿನ ನೆತ್ತಿ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ. ಅದರ ಈಚೆಗೆ ಬಿದ್ದ ಮಳೆ ಮೆಕ್ಸಿಕೋ ಕೊಲ್ಲಿಗೆ, ಆಚೆಗೆ ಬಿದ್ದದ್ದು ಅಟ್ಲಾಂಟಿಕ್‌ಗೆ. ಸಕಲೇಶಪುರದ ಕಡೆ ನಮ್ಮ ಘಟ್ಟದ ನೆತ್ತಿಯೂ ಹೀಗೇ ನೀರು ಹಂಚುತ್ತದೆ ಅಲ್ವಾ? ಅಲ್ಲಿಂದ ಕಂಬರ್ಲೆಂಡ್‌ವರೆಗೆ 38 ಕಿ.ಮೀ. ಇಳಿಜಾರು. ಅದೇ ಕಂಬರ್ಲೆಂಡ್‌ನಿಂದ ಹೊರಟರೆ ಮೊದಲ ದಿನವೇ ಆ 38 ಕಿ.ಮೀ. ಹತ್ತಬೇಕು. ನಡುವೆ ಬರುವ ಬಿಗ್ ಸ್ಯಾವೇಜ್ ಸುರಂಗ ಸುಮಾರು ಒಂದು ಕಿ.ಮೀ. ಉದ್ದ. ಒಳಗೆ ದೀಪಗಳಿವೆ, ಆದರೂ ಬೇಸಿಗೆಯಲ್ಲೂ ಮೈ ನಡುಗುತ್ತದೆ. ಚಳಿಗಾಲದಲ್ಲಿ ಅದರ ಬಾಗಿಲು ಹಾಕಿರುತ್ತಾರೆ. ಕ್ರಿಸ್‌ಮಸ್ ರಜೆಗೆ ಮಕ್ಕಳ ಮನೆಗೆ ಬರುವವರು ಇದನ್ನು ಗಮನಿಸಬೇಕು.

ಉದ್ದವೇ ಮುಖ್ಯ ಎನ್ನುವುದಾದರೆ ಮಿಸೌರಿಯ ಕೇಟಿ ಟ್ರೇಲ್ ಹೆಸರು ಮೊದಲು ಬರಬೇಕಿತ್ತು. ಸುಮಾರು 385 ಕಿ.ಮೀ., ಎಲ್ಲವೂ ಹಳೇ ರೈಲು ದಾರಿ. 1986ರಲ್ಲಿ ರೈಲು ನಿಂತ ಮೇಲೂ ಆ ಜಾಗ ಚೂರುಚೂರಾಗಿ ಹಂಚಿಹೋಗಲಿಲ್ಲ. ಮುಂದೆ ಬೇಕಾದರೆ ಮತ್ತೆ ಹಳಿ ಹಾಕಬಹುದು ಎಂಬ ಷರತ್ತಿನ ಮೇಲೆ ದಾರಿಯನ್ನು ಉಳಿಸಿಕೊಳ್ಳಲು 1983ರ ಕಾನೂನು ಅವಕಾಶ ಕೊಟ್ಟಿತ್ತು. ಅರ್ಧಕ್ಕಿಂತ ಜಾಸ್ತಿ ದೂರ ಮಿಸೌರಿ ನದಿಯ ಪಕ್ಕದಲ್ಲೇ ಹೋಗುತ್ತೀರಿ. ಬಲು ಚಂದ. ಆದರೆ ಸಮತಟ್ಟು ಎಂದರೆ ಸುಲಭ ಅಂತಲ್ಲ. ಇಳಿಜಾರೇ ಇಲ್ಲದಿದ್ದರೆ ದಿನವಿಡೀ ಪೆಡಲ್ ತುಳಿಯುತ್ತಲೇ ಇರಬೇಕು. ಜುಲೈ, ಆಗಸ್ಟ್ ಬಿಸಿಲಂತೂ ಬೇಡವೇ ಬೇಡ.

ಮೊದಲ ಸಲ ಹೋಗುವವರಿಗೆ ನನ್ನ ಮಾತು: ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ಗೆ ನಾಲ್ಕೈದು ದಿನ ಇಟ್ಟುಕೊಳ್ಳಿ. ವಾಪಸ್ ಬರಲು ಆಮ್‌ಟ್ರ್ಯಾಕ್ ರೈಲಿದೆ, ಸೈಕಲ್‌ಗೂ ಮೊದಲೇ ಜಾಗ ಕಾಯ್ದಿರಿಸಬೇಕು.

ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಆ 540 ನಂಬಿಕೊಂಡು ಯಾರೂ ತೆಳು ಟೈರಿನ ಬಾಡಿಗೆ ಸೈಕಲ್‌ನಲ್ಲಿ, ಮಕ್ಕಳ ಜೊತೆ, ಮಳೆಯಲ್ಲಿ ಕಂಬರ್ಲೆಂಡ್ ದಾಟಬಾರದು.

ಇಂತಿ ನಿಮ್ಮ ಓದುಗ,
ಪಿಟ್ಸ್‌ಬರ್ಗ್