ಮೂರನೇ ದಿನ ಆ ಕೂಸನ್ನು ನೋಡುವವರು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ನಿವೃತ್ತ ನರ್ಸ್. ಹಸುಗೂಸಿನ ಕಾಮಾಲೆ, ಅಂದರೆ ಮೈ ಹಳದಿಯಾಗುವುದರ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ಬುದ್ಧಿ ಚುರುಕು. ಆದರೆ ಕೈಕಾಲು ಅವನ ಮಾತು ಕೇಳುವುದಿಲ್ಲ, ತಾವಾಗಿಯೇ ತಿರುಚಿಕೊಳ್ಳುತ್ತವೆ. ಕರೆದರೆ ಅವನಿಗೆ ಸರಿಯಾಗಿ ಕೇಳಿಸುವುದಿಲ್ಲ.

ಹುಟ್ಟಿದಾಗ ಚೆನ್ನಾಗಿಯೇ ಇದ್ದ. ಎರಡನೇ ದಿನ ಮನೆಗೆ ಕಳಿಸಿದರು. ಮೈ ಸ್ವಲ್ಪ ಹಳದಿ ಅಂತ ಅಕ್ಕ ಫೋನ್ ಮಾಡಿದಾಗ, ‘ಎಳೆ ಬಿಸಿಲಿಗೆ ಹಿಡೀರಿ’ ಎಂದವಳು ನಾನೇ. ನಾಲ್ಕನೇ ದಿನ ಹಾಲಿಗೂ ಏಳಲಿಲ್ಲ. ‘ಒಳ್ಳೇ ಮಗು, ಅಳೋದೇ ಇಲ್ಲ’ ಎಂದರು ಮನೆಯವರು. ಐದನೇ ದಿನ ಕಿರುಚಿ ಅತ್ತ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು.

ಅಷ್ಟರಲ್ಲಿ ಒಳಗೆ ನಡೆದದ್ದು ಇಷ್ಟು. ಹಸುಗೂಸಿನ ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ. ಆಗ ಹುಟ್ಟುವ ಹಳದಿ ವಸ್ತುವೇ ಬಿಲಿರುಬಿನ್. ಅದನ್ನು ಹೊರಹಾಕಬೇಕಾದ ಲಿವರ್ ಇನ್ನೂ ಪಳಗಿರುವುದಿಲ್ಲ. ಹಾಗಾಗಿ ಅದು ಏರುತ್ತಾ ಹೋಗಿ 3ರಿಂದ 5ನೇ ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ನಿಜ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಹಿಡಿದಿರುವಷ್ಟು ಕಾಲ ಭಯವಿಲ್ಲ. ಆಲ್ಬುಮಿನ್ ಸಾಲದಾದಾಗ ಮಿಕ್ಕಿದ್ದು ಬಿಡಿಯಾಗಿ ಓಡಾಡುತ್ತದೆ. ಅದು ಕೊಬ್ಬಿನಲ್ಲಿ ಕರಗುವ ವಸ್ತು, ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆಯನ್ನು ದಾಟಿಬಿಡುತ್ತದೆ. ತಿಂಗಳು ತುಂಬದ ಮಗುವಿಗೆ, ಸೋಂಕು ತಗುಲಿದ ಮಗುವಿಗೆ ಕಡಿಮೆ ಮಟ್ಟದಲ್ಲೇ ಈ ಅಪಾಯ.

ಒಳಹೊಕ್ಕದ್ದು ಮೆದುಳಿನಲ್ಲೆಲ್ಲ ಒಂದೇ ಸಮ ಹಾನಿ ಮಾಡುವುದಿಲ್ಲ. ಮೈಯ ಚಲನೆಯನ್ನು ಹದದಲ್ಲಿಡುವ ಆಳದ ಭಾಗಗಳು, ಕಿವಿಯ ಸದ್ದನ್ನು ಸಾಗಿಸುವ ನರಕೇಂದ್ರಗಳು ಹೆಚ್ಚು ಪೆಟ್ಟು ತಿನ್ನುತ್ತವೆ. ಅಲ್ಲಿನ ಜೀವಕೋಶಗಳಿಗೆ ಶಕ್ತಿ ಕೊಡುವ ಮೈಟೋಕಾಂಡ್ರಿಯವೇ ಕೆಡುತ್ತದೆ. ಆಮೇಲೆ ರಕ್ತದಲ್ಲಿ ಬಿಲಿರುಬಿನ್ ಇಳಿದರೂ ಸತ್ತ ಕೋಶ ಮರಳಿ ಬರುವುದಿಲ್ಲ. ನಮ್ಮ ಹುಡುಗ ಮೊದಲ ಕಿವಿ ಪರೀಕ್ಷೆಯಲ್ಲಿ ‘ಪಾಸ್’ ಆಗಿದ್ದ ಗೊತ್ತೇ? ಆ ಪರೀಕ್ಷೆ ಮಾಡುವ ಒಎಇ (OAE) ಯಂತ್ರ ನೋಡುವುದು ಒಳಕಿವಿಯನ್ನು ಮಾತ್ರ. ಕೆಟ್ಟಿದ್ದು ಅದರಾಚೆಯ ನರದ ದಾರಿ. ಅದು ಗೊತ್ತಾಗುವುದು, ಸದ್ದು ಕಿವಿಯಿಂದ ಮೆದುಳಿನತ್ತ ಸಾಗುವುದನ್ನು ಅಳೆಯುವ ಬೇರಾ (BERA) ಪರೀಕ್ಷೆಯಲ್ಲಿ.

ಬಿಸಿಲಿಗೆ ಕೂಸಿನ ಮೈಯ ಹಳದಿ ಮಾಸುತ್ತದೆ ಎಂದು 1950ರ ದಶಕದಲ್ಲೇ ಗಮನಿಸಿದವರು ಇಂಗ್ಲೆಂಡಿನ ಸಿಸ್ಟರ್ ಜೀನ್ ವಾರ್ಡ್. ಅವರೂ ನರ್ಸೇ, ಅದು ನನಗೆ ಹೆಮ್ಮೆ. ಇಂದು ಕೂಸನ್ನು ಕೆಳಗೆ ಮಲಗಿಸಿ ಬಿಲಿರುಬಿನ್ ಇಳಿಸುವ ನೀಲಿ ದೀಪಗಳಿವೆ. ಕಿಟಕಿಯ ಬಿಸಿಲು ಅದಕ್ಕೆ ಸಾಟಿಯಲ್ಲ. ಇದು ನನಗೆ ತಿಳಿದಿತ್ತು, ಆದರೂ ಸುಮ್ನೆ ಹಾಗೆ ಹೇಳಿಬಿಟ್ಟೆ.

ಸ್ವಾಮಿ, ಬಾಣಂತಿ ಕೋಣೆ ಕತ್ತಲು. ಕೂಸಿನ ಮೈಬಣ್ಣ ಕಪ್ಪಾಗಿದ್ದರಂತೂ ಹಳದಿ ಕಾಣುವುದೇ ಇಲ್ಲ. ಕಣ್ಣಳತೆ ನಂಬಬೇಡಿ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಚರ್ಮದ ಮೇಲಿಟ್ಟು ಬಿಲಿರುಬಿನ್ ಅಳೆಯುವ ಮೀಟರ್ ಕೊಡಿಸಿ, ಅಳೆಯದೆ ಡಿಸ್ಚಾರ್ಜ್ ಬೇಡ. ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಜಾಸ್ತಿ ಏರಿದ್ದ ಮಕ್ಕಳಿಗೆ ಬೇರಾ ಮಾಡಿಸಿ. ಆಶಾ ಕಾರ್ಯಕರ್ತೆಯ 3ನೇ ದಿನದ ಭೇಟಿ ನಿಯಮದಲ್ಲಿ ಈಗಾಗಲೇ ಇದೆ, ಅಲ್ವಾ? ಆ ದಿನ ಭಾನುವಾರ ಬಿದ್ದರೂ ಅದು ನಡೆಯಲಿ.

ಇಂತಿ,
ಒಬ್ಬ ನಿವೃತ್ತ ನರ್ಸ್